ನೆಲ ಮುಟ್ಟದ ರಥದ ಭಾರವನ್ನು ಹೊರುವವರಾರು?

ಕಡಬದ ಮಳೆಗಾಲವನ್ನು ಒಮ್ಮೆ ಕಂಡವರಿಗೆ ಚಕ್ರವೆಂಬ ಸಾಧನದ ಮೇಲೆ ಇರಬೇಕಾದಷ್ಟು ಗೌರವ ಉಳಿಯುವುದು ಕಷ್ಟ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು ೪೦೦೦ ಮಿಲಿಮೀಟರು ಮಳೆ ಸುರಿಯುತ್ತದೆ. ಅದರ ಬಹುಭಾಗವೂ ನಾಲ್ಕೇ ತಿಂಗಳಲ್ಲಿ ಬಂದು ಮುಗಿಯುತ್ತದೆ. ಡಾಮರು ರಸ್ತೆಯನ್ನು ಬಿಟ್ಟು ತೋಟಕ್ಕಿಳಿಯುವ ಕೆಮ್ಮಣ್ಣಿನ ದಾರಿಯಲ್ಲಿ ಜೀಪೊಂದು ಹೂತುಕೊಂಡಿತೆಂದರೆ, ಚಾಲಕನು ಎಷ್ಟು ರಭಸದಿಂದ ಚಕ್ರವನ್ನು ತಿರುಗಿಸುತ್ತಾನೆಯೋ ಅಷ್ಟೇ ಆಳಕ್ಕೆ ಅದು ಇಳಿಯುತ್ತ ಹೋಗುತ್ತದೆ. ಕಡೆಗೆ ಸೀಳಿದ ಅಡಕೆ ಮರಗಳನ್ನು ಚಕ್ರದ ಮುಂದೆ ಹಾಸಿ, ನಾಲ್ಕು ಜನ ಹಿಂದಿನಿಂದ ನೂಕಿ, ಮೈಯೆಲ್ಲ ಕೆಸರು ಮಾಡಿಕೊಂಡ ಮೇಲೆ ಅದು ಮೇಲಕ್ಕೇಳುವುದು. ಇಂತಹ ಪ್ರದೇಶದಲ್ಲಿ ಬೆಳೆದ ಹುಡುಗರು, ನೆಲವನ್ನೇ ಮುಟ್ಟದೆ ಸಾಗುವ ವಾಹನವೊಂದನ್ನು ಪರದೆಯ ಮೇಲೆ ಕಂಡು ಮರುಳಾದರೆ ಅದರಲ್ಲಿ ಆಶ್ಚರ್ಯಪಡತಕ್ಕದ್ದು ಏನೂ ಇಲ್ಲ.

ನಾವು ಹೇಳುತ್ತಿರುವ ವಾಹನವು 'ಹೇಲೋ ೨' ಎಂಬ ವಿಡಿಯೋ ಆಟದಲ್ಲಿ ಬರುವಂಥದು. ಅಮೆರಿಕದ ಬಂಜೀ ಎಂಬ ಸಂಸ್ಥೆ ರಚಿಸಿದ ಈ ಆಟವನ್ನು ಮೈಕ್ರೋಸಾಫ್ಟ್ ಸಂಸ್ಥೆ ೨೦೦೪ರ ನವೆಂಬರಿನಲ್ಲಿ ಹೊರತಂದಿತು. ಕಥೆ ನಡೆಯುವುದು ೨೫೫೨ನೆಯ ಇಸವಿಯಲ್ಲಿ. 'ಕವನೆಂಟ್' ಎಂದು ಕರೆದುಕೊಳ್ಳುವ ಅನ್ಯಲೋಕದ ಜೀವಿಗಳ ಒಕ್ಕೂಟವೊಂದು ಭೂಮಿಯ ಮೇಲೆ ದಾಳಿಯಿಟ್ಟು, ಆಫ್ರಿಕದ ಪೂರ್ವ ಕರಾವಳಿಯಲ್ಲಿರುವ ನ್ಯೂ ಮೊಂಬಾಸಾ ಎಂಬ ನಗರವನ್ನು ಮುತ್ತುತ್ತದೆ. ಅಲ್ಲಿನ ಹೆದ್ದಾರಿಯ ಸುರಂಗದೊಳಗೆ ಶತ್ರುಸೈನಿಕರನ್ನು ಸಾಗಿಸುವ ಕವಚವಾಹನವೊಂದು ಎದುರಾಗುತ್ತದೆ. ಅದರ ಹೆಸರು 'ಷ್ಯಾಡೋ', ಎಂದರೆ ನೆರಳು. ನೆತ್ತಿಯ ಮೇಲೊಂದು ಬಂದೂಕು, ಸುತ್ತಲೂ ನುಣುಪಾದ ಕವಚ, ಒಳಗೆ ಸೈನಿಕರು. ಚಕ್ರವಿಲ್ಲ, ಸರಪಣಿಯಿಲ್ಲ, ರೆಕ್ಕೆಯಿಲ್ಲ. ನೆಲದಿಂದ ಒಂದಿಷ್ಟು ಮೇಲೆ ನಿಂತು, ಧೂಳೆಬ್ಬಿಸದೆ ಅದು ಜಾರುತ್ತ ಬರುತ್ತದೆ. ಇದು ಹೇಗೆ ಸಾಧ್ಯವೆಂದು ಕೇಳಿದರೆ ಕಥೆಯು ಕೊಡುವ ಉತ್ತರ ಒಂದೇ ಪದದ್ದು: ಪ್ರತಿಗುರುತ್ವ.

ಅಧ್ಯಾಪಕರ ಕೋಣೆಯಲ್ಲಿ ಇಂತಹ ಆಟಗಳ ಮಾತೆತ್ತಿದರೆ ಸಾಮಾನ್ಯವಾಗಿ ಎರಡು ಬಗೆಯ ಅಭಿಪ್ರಾಯಗಳನ್ನು ಕೇಳುತ್ತೇವೆ. ಇದೆಲ್ಲ ಕಾಲಹರಣ, ಹುಡುಗರು ಹಾಳಾಗುತ್ತಿದ್ದಾರೆ ಎಂಬುದೊಂದು. ಇಂದು ಅಸಾಧ್ಯವೆಂದು ತೋರುವುದನ್ನು ನಾಳೆ ವಿಜ್ಞಾನವು ಸಾಧಿಸೀತು, ವಿಮಾನವನ್ನೂ ಹಿಂದೆ ಜನ ನಂಬಿರಲಿಲ್ಲವಷ್ಟೆ ಎಂಬುದು ಇನ್ನೊಂದು. ಮೊದಲನೆಯದು ಬರಿಯ ಸಿಡುಕು. ಅದರಿಂದ ದೊಡ್ಡ ಹಾನಿಯಿಲ್ಲ. ಎರಡನೆಯದು ಔದಾರ್ಯದ ವೇಷ ತೊಟ್ಟ ಸೋಮಾರಿತನ; ಅದೇ ಹೆಚ್ಚು ಅಪಾಯಕರವೆಂದು ನಮ್ಮ ಅಭಿಪ್ರಾಯ. ಏಕೆಂದರೆ, ಯಾವುದನ್ನೂ ಲೆಕ್ಕ ಹಾಕದೆಯೆ ಎಲ್ಲವನ್ನೂ ನಾಳೆಯ ಮೇಲೆ ಹೊರಿಸುವ ಅಭ್ಯಾಸವನ್ನು ಅದು ವಿದ್ಯಾರ್ಥಿಗೆ ಕಲಿಸುತ್ತದೆ. ಷ್ಯಾಡೋ ಎಂಬ ಈ ಕಾಲ್ಪನಿಕ ವಾಹನದ ವಿಷಯದಲ್ಲಿ ಹೈಸ್ಕೂಲಿನ ಗಣಿತದಿಂದಲೇ ಎಷ್ಟು ದೂರ ಹೋಗಬಹುದೆಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ. ವಾಚಕರು ಕಾಗದ ಪೆನ್ಸಿಲು ಹಿಡಿದು ನಮ್ಮೊಡನೆ ಬಂದರೆ ಒಳ್ಳೆಯದು.

ಕೆಸರಿನಿಂದಲೇ ಆರಂಭಿಸೋಣ. ಜೀಪು ಹೂತುಕೊಳ್ಳುವುದಕ್ಕೆ ಕಾರಣ ಅದರ ತೂಕವಲ್ಲ, ಒತ್ತಡ. ಎಂದರೆ ಒಂದು ಚದರ ಸೆಂಟಿಮೀಟರಿನ ಮೇಲೆ ಬೀಳುವ ತೂಕ. ಗಾಳಿ ತುಂಬಿದ ಟಯರು ನೆಲವನ್ನು ಒತ್ತುವುದು ಹೆಚ್ಚು ಕಡಮೆ ತನ್ನೊಳಗಿನ ಗಾಳಿಯ ಒತ್ತಡದಷ್ಟೇ; ಕಾರಿಗೆ ಅದು ಚದರ ಸೆಂಟಿಮೀಟರಿಗೆ ೨ ಕಿಲೋಗ್ರಾಂಗಿಂತ ತುಸು ಮೇಲೆ. ೬೦ ಕಿಲೋಗ್ರಾಂ ತೂಗುವ ಮನುಷ್ಯನು ಒಂಟಿಗಾಲಿನಲ್ಲಿ ನಿಂತರೆ, ಪಾದದ ವಿಸ್ತಾರ ೨೦೦ ಚದರ ಸೆಂಟಿಮೀಟರು ಎಂದಿಟ್ಟುಕೊಂಡು, ಒತ್ತಡ ೦.೩ ಆಗುತ್ತದೆ. ನಮ್ಮ ಕಡೆ 'ಹಿಟಾಚಿ' ಎಂದೇ ಎಲ್ಲರೂ ಕರೆಯುವ, ಗುಡ್ಡ ಕಡಿಯುವ ಯಂತ್ರವನ್ನು ನೋಡಿರಿ. ತೂಕ ಸುಮಾರು ೨೦ ಟನ್ ಇದ್ದರೂ ಅದರ ಎರಡು ಅಗಲವಾದ ಸರಪಣಿ ಪಟ್ಟಿಗಳು ಆ ಭಾರವನ್ನು ಹರಡಿಬಿಡುವುದರಿಂದ ಒತ್ತಡ ೦.೫ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಒಂದು ಟನ್ನಿನ ಕಾರು ಹೂತುಕೊಳ್ಳುವ ಗದ್ದೆಯಲ್ಲಿ ಇಪ್ಪತ್ತು ಟನ್ನಿನ ಯಂತ್ರ ನಡೆದುಹೋಗುವ ರಹಸ್ಯ ಇಷ್ಟೆ. ಜೀಪಿನ ಮುಂದೆ ಅಡಕೆ ಮರವನ್ನು ಹಾಸಿದವನೂ ಮಾಡಿದ್ದು ಇದನ್ನೇ.

ಸೈನ್ಯದವರು ಇದನ್ನು ಬಲ್ಲರು. ಭಾರತದ ಸೇನೆಯಲ್ಲಿ 'ಸಾರಥ್' ಎಂಬ ಹೆಸರಿನಿಂದ ಬಳಕೆಯಲ್ಲಿರುವ ಬಿಎಂಪಿ-೨ ಎಂಬ ವಾಹನವು ಸೋವಿಯತ್ ವಿನ್ಯಾಸದ್ದು. ತೆಲಂಗಾಣದ ಮೇದಕ್‌ನ ಕಾರ್ಖಾನೆಯಲ್ಲಿ ಅದನ್ನು ತಯಾರಿಸುತ್ತ ಬಂದಿದ್ದಾರೆ. ನಡೆಸುವ ಮೂವರನ್ನೂ ಏಳು ಮಂದಿ ಸೈನಿಕರನ್ನೂ ಹೊತ್ತು ೧೪ ಟನ್ನಿಗೆ ತುಸು ಮೇಲೆ ತೂಗುವ ಈ ಉಕ್ಕಿನ ಪೆಟ್ಟಿಗೆ ನೆಲದ ಮೇಲೆ ಹೇರುವ ಒತ್ತಡ ೦.೬೫ರಷ್ಟು ಮಾತ್ರ. ಹೊಳೆ ಅಡ್ಡ ಬಂದರೆ ನೀರಿಗಿಳಿದು ಈಜುತ್ತ ದಾಟುವ ಶಕ್ತಿಯೂ ಅದಕ್ಕುಂಟು. ಷ್ಯಾಡೋವಿನ ಕೆಲಸವನ್ನು ನಮ್ಮ ಲೋಕದಲ್ಲಿ ಮಾಡುತ್ತಿರುವುದು ಇಂತಹ ವಾಹನಗಳು. ಅವು ತೇಲುವುದಿಲ್ಲ; ಗರ್ಜಿಸುತ್ತ, ಹೊಗೆಯುಗುಳುತ್ತ, ನೆಲವನ್ನು ಉಳುತ್ತ ಹೋಗುತ್ತವೆ.

ಈಗ ಷ್ಯಾಡೋವಿನ ತೂಕವೆಷ್ಟು? ಲೆಕ್ಕಕ್ಕಾಗಿ ನಾವೇ ಒಂದು ಸಂಖ್ಯೆಯನ್ನು ಊಹಿಸೋಣ. ೮ ಮೀಟರು ಉದ್ದ, ೪ ಮೀಟರು ಅಗಲ, ೨ ಮೀಟರು ಎತ್ತರದ ಪೆಟ್ಟಿಗೆಯೆಂದು ಭಾವಿಸಿದರೆ ಹೊರಮೈಯ ವಿಸ್ತಾರ ೧೧೨ ಚದರ ಮೀಟರು. ಅದಕ್ಕೆ ಒಂದೂವರೆ ಸೆಂಟಿಮೀಟರು ದಪ್ಪದ ಉಕ್ಕಿನ ಕವಚ ಹೊದಿಸಿದರೆ, ಉಕ್ಕಿನ ಒಂದು ಘನ ಮೀಟರಿಗೆ ೭.೮ ಟನ್ನಿನಂತೆ, ಕವಚವೊಂದೇ ೧೩ ಟನ್ ತೂಗುತ್ತದೆ. ಯಂತ್ರ, ಬಂದೂಕು, ಸೈನಿಕರು ಸೇರಿ ಇನ್ನು ೩ ಟನ್. ಒಟ್ಟು ೧೬ ಟನ್. ಅನ್ಯಲೋಕದವರು ಉಕ್ಕನ್ನೇ ಬಳಸಬೇಕೆಂದಿಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಸರಿಯೇ, ಅವರು ಇದನ್ನು ಅರ್ಧ ಮಾಡಿಕೊಂಡು ಮುಂದಿನ ಲೆಕ್ಕವನ್ನು ತಾವೇ ಮಾಡಲಿ. ವಾದದ ದಿಕ್ಕು ಬದಲಾಗುವುದಿಲ್ಲ.

ಈ ೧೬ ಟನ್ನನ್ನು ಗಾಳಿಯ ಬಲದಿಂದ ಎತ್ತಿಹಿಡಿಯಬೇಕೆಂದಿರಲಿ. ತಳದ ವಿಸ್ತಾರ ೩೨ ಚದರ ಮೀಟರು. ಅಷ್ಟಗಲದ ಗಾಳಿಯ ಪ್ರವಾಹವನ್ನು ಕೆಳಮುಖವಾಗಿ ನೂಕಿ, ಅದರ ಪ್ರತಿಕ್ರಿಯೆಯಿಂದ ವಾಹನವನ್ನು ನಿಲ್ಲಿಸುವುದಾದರೆ, ಗಾಳಿಯು ಸೆಕೆಂಡಿಗೆ ೬೪ ಮೀಟರು, ಎಂದರೆ ಗಂಟೆಗೆ ೨೩೦ ಕಿಲೋಮೀಟರು ವೇಗದಿಂದ ಧುಮುಕಬೇಕಾಗುತ್ತದೆ. ಚಂಡಮಾರುತಗಳಲ್ಲಿ ಅತ್ಯುಗ್ರವಾದವುಗಳ ವೇಗವದು. ಅದಕ್ಕೆ ಬೇಕಾಗುವ ಶಕ್ತಿ ಕಡಮೆಯೆಂದರೆ ೫೦ ಲಕ್ಷ ವಾಟುಗಳು, ಸುಮಾರು ೬೭೦೦ ಅಶ್ವಶಕ್ತಿ. ಧರ್ಮಸ್ಥಳ, ಸುಬ್ರಹ್ಮಣ್ಯಗಳಿಗೆ ಓಡುವ ಬಸ್ಸಿನ ಇಂಜಿನನ್ನು ೨೦೦ ಅಶ್ವಶಕ್ತಿಯದೆಂದು ಎಣಿಸಿದರೆ ಮೂವತ್ತಮೂರು ಬಸ್ಸುಗಳ ಇಂಜಿನು, ಅದೂ ಮುಂದಕ್ಕೆ ಒಂದಡಿ ಚಲಿಸದೆ, ಸುಮ್ಮನೆ ನಿಂತುಕೊಳ್ಳುವುದಕ್ಕೆ! ಆ ಗಾಳಿಗೆ ಸುರಂಗದೊಳಗಿನ ಧೂಳು, ಕಲ್ಲು, ಸೈನಿಕರ ಟೋಪಿ ಒಂದೂ ಉಳಿಯಲಾರದು. ಪರದೆಯ ಮೇಲಿನ ವಾಹನವು ಧೂಳೆಬ್ಬಿಸದೆ ಬರುತ್ತದಾದುದರಿಂದ ಅದು ಗಾಳಿಯಿಂದ ನಿಂತಿಲ್ಲವೆಂಬುದು ಇಲ್ಲಿಗೇ ಸಿದ್ಧವಾಯಿತು.

ಇದೇ ಕೆಲಸವನ್ನು ಬಹಳ ಅಗ್ಗದಲ್ಲಿ ಮಾಡುವ ಉಪಾಯವನ್ನು ಮನುಷ್ಯರು ಕಂಡುಹಿಡಿದಿದ್ದಾರೆ. ೧೯೫೫ರಲ್ಲಿ ಇಂಗ್ಲೆಂಡಿನ ಕ್ರಿಸ್ಟೊಫರ್ ಕಾಕೆರೆಲ್ ಎಂಬ ಇಂಜಿನಿಯರು ಒಂದು ಡಬ್ಬಿಯೊಳಗೆ ಇನ್ನೊಂದು ಡಬ್ಬಿಯನ್ನಿಟ್ಟು, ಎರಡರ ನಡುವಣ ಸಂದಿಯಿಂದ ಕೆಳಕ್ಕೆ ಗಾಳಿಯನ್ನೂದಿ, ಅದರ ಒತ್ತನ್ನು ಅಡುಗೆಮನೆಯ ತಕ್ಕಡಿಯ ಮೇಲೆ ಅಳೆದನು. ಬರಿಯ ಡಬ್ಬಿಯಿಂದ ಊದುವುದಕ್ಕಿಂತ ಉಂಗುರಾಕಾರದ ಸಂದಿಯಿಂದ ಊದಿದಾಗ ಒತ್ತು ಹೆಚ್ಚೆಂದು ಕಂಡಿತು. ಉಂಗುರದೊಳಗೆ ಸೆರೆಸಿಕ್ಕ ಗಾಳಿಯು ಮೆತ್ತೆಯಂತೆ ಕೆಲಸ ಮಾಡುತ್ತಿತ್ತು. ಹೋವರ್‌ಕ್ರಾಫ್ಟ್ ಎಂಬ ಗಾಳಿಮೆತ್ತೆಯ ವಾಹನ ಹುಟ್ಟಿದ್ದು ಹೀಗೆ. ೧೯೫೯ರ ಜುಲೈ ೨೫ರಂದು ಅಂತಹ ಮೊದಲ ವಾಹನ ಇಂಗ್ಲಿಷ್ ಕಡಲ್ಗಾಲುವೆಯನ್ನು ದಾಟಿತು. ಮುಂದೆ ತಳದ ಸುತ್ತ ರಬ್ಬರಿನ ಸೆರಗನ್ನು ಇಳಿಬಿಟ್ಟು ಗಾಳಿ ಸೋರುವುದನ್ನು ಇನ್ನಷ್ಟು ತಡೆದರು. ನಮ್ಮ ೧೬ ಟನ್ನಿನ ಪೆಟ್ಟಿಗೆಗೆ ಅಂತಹ ಸೆರಗು ಕಟ್ಟಿ, ನೆಲಕ್ಕೂ ಸೆರಗಿಗೂ ನಡುವೆ ೨ ಸೆಂಟಿಮೀಟರು ಮಾತ್ರ ಸಂದಿ ಬಿಟ್ಟರೆ ಬೇಕಾಗುವ ಶಕ್ತಿ ೨೮೦ ಅಶ್ವಶಕ್ತಿಯಷ್ಟಕ್ಕೆ ಇಳಿಯುತ್ತದೆ. ಮೂವತ್ತಮೂರು ಬಸ್ಸಿನ ಬದಲು ಒಂದೂವರೆ ಬಸ್ಸು! ಆದರೆ ಸೆರಗನ್ನು ತೆಗೆದು ಅರ್ಧ ಮೀಟರು ಮೇಲೆ ತೇಲಿಸುತ್ತೇವೆಂದರೆ ಲೆಕ್ಕವು ಮತ್ತೆ ೫೦ ಲಕ್ಷ ವಾಟುಗಳ ಆಸುಪಾಸಿಗೇ ಏರಿಬಿಡುತ್ತದೆ. ಗಾಳಿಮೆತ್ತೆಯ ಗುಟ್ಟೆಲ್ಲ ನೆಲಕ್ಕೆ ಹತ್ತಿರವಾಗಿರುವುದರಲ್ಲಿದೆ.

ಸೋವಿಯತ್ ಕಾಲದಲ್ಲಿ ರಚಿತವಾದ 'ಜುಬ್ರ್' ಎಂಬ ಹೋವರ್‌ಕ್ರಾಫ್ಟು ಈ ಜಾತಿಯಲ್ಲೇ ಅತ್ಯಂತ ದೊಡ್ಡದು. ೫೭ ಮೀಟರು ಉದ್ದ, ೫೫೦ ಟನ್ನಿನ ಆಸುಪಾಸು ತೂಕ; ಮೂರು ಯುದ್ಧಟ್ಯಾಂಕುಗಳನ್ನು ಹೊಟ್ಟೆಯೊಳಗಿಟ್ಟುಕೊಂಡು ಕಡಲಿನಿಂದ ನೇರವಾಗಿ ಮರಳಿನ ಮೇಲೇರಬಲ್ಲುದು. ತಲಾ ೧೦,೦೦೦ ಅಶ್ವಶಕ್ತಿಯ ಐದು ಯಂತ್ರಗಳಲ್ಲಿ ಎರಡು ಕೇವಲ ಅದನ್ನು ಎತ್ತಿಹಿಡಿಯುವುದಕ್ಕೇ ಮೀಸಲು. ಅದರ ತಳದ ಒತ್ತಡವನ್ನು ಲೆಕ್ಕ ಹಾಕಿದರೆ ಚದರ ಮೀಟರಿಗೆ ಸುಮಾರು ೪೦೦ ಕಿಲೋಗ್ರಾಂ ಬರುತ್ತದೆ. ನಮ್ಮ ಊಹೆಯ ಷ್ಯಾಡೋವಿಗೆ ೫೦೦. ಕಥೆಗಾರನ ಕಲ್ಪನೆಗೂ ಇಂಜಿನಿಯರನ ವಾಸ್ತವಕ್ಕೂ ಇಷ್ಟು ಸಾಮೀಪ್ಯವಿರುವುದು ಸಂತೋಷದ ವಿಷಯವೇ.

ಆದರೆ ಕಾಕೆರೆಲ್ಲನ ತಕ್ಕಡಿಯನ್ನು ನಾವು ಬೇಗ ಮರೆತುಬಿಡಬಾರದು. ಲೇಖನದ ತಿರುಳಿರುವುದು ಅಲ್ಲಿಯೇ. ಗಾಳಿಯ ಮೇಲೆ ತೇಲುತ್ತಿರುವ ವಸ್ತುವಿನ ಕೆಳಗೆ ತಕ್ಕಡಿಯಿಟ್ಟರೆ ಮುಳ್ಳು ಆ ವಸ್ತುವಿನ ಪೂರ್ತಿ ತೂಕವನ್ನು ತೋರಿಸುತ್ತದೆ. ವಸ್ತುವು ಗಾಳಿಯನ್ನು ಒತ್ತುತ್ತದೆ, ಗಾಳಿಯು ತಟ್ಟೆಯನ್ನು ಒತ್ತುತ್ತದೆ. ಅಯಸ್ಕಾಂತದ ಮೇಲೆ ತೇಲುವ ರೈಲಿನಲ್ಲಿಯೂ ಅಷ್ಟೆ. ಚೀನದ ಶಾಂಘಾಯಿಯಲ್ಲಿ ಗಂಟೆಗೆ ೪೩೧ ಕಿಲೋಮೀಟರು ವೇಗಕ್ಕೆಂದು ಕಟ್ಟಿದ ರೈಲು ಹಳಿಯನ್ನು ಮುಟ್ಟುವುದಿಲ್ಲ. ಆದರೂ ಅದರ ತೂಕದ ಒಂದೊಂದು ಕಿಲೋಗ್ರಾಮನ್ನೂ ಕೆಳಗಿನ ಕಾಂಕ್ರೀಟು ಕಂಬಗಳೇ ಹೊರುತ್ತವೆ. ಮುಟ್ಟದಿರುವುದು ಬೇರೆ, ಭಾರ ಹಾಕದಿರುವುದು ಬೇರೆ. ಈ ಎರಡನ್ನೂ ಒಂದೇ ಎಂದು ಭಾವಿಸುವುದರಿಂದಲೇ ತೇಲುವ ವಾಹನದ ಸುತ್ತ ಇಷ್ಟೊಂದು ಮಾಯೆ ಬೆಳೆದಿರುವುದು.

ನಿಲ್ಲುವುದಕ್ಕೆ ಇಂಧನ ಬೇಕೇ ಬೇಕೆಂದೂ ತಿಳಿಯಬಾರದು. ಮೇಜು ಪುಸ್ತಕವನ್ನು ಹೊರುವುದಕ್ಕೆ ಏನನ್ನೂ ತಿನ್ನುವುದಿಲ್ಲ. ಅಯಸ್ಕಾಂತವು ತುಂಡು ಕಬ್ಬಿಣವನ್ನು ವರ್ಷಗಟ್ಟಲೆ ಹಿಡಿದುಕೊಂಡಿರುತ್ತದೆ. ಆದುದರಿಂದ ಷ್ಯಾಡೋವಿಗೆ ಕೇಳಬೇಕಾದ ಮೊದಲ ಪ್ರಶ್ನೆ, ನಿನ್ನ ಇಂಧನವೆಷ್ಟು ಎಂಬುದಲ್ಲ. ನೀನು ಯಾರನ್ನು ಒತ್ತಿ ನಿಂತಿರುವೆ ಎಂಬುದು.

ನಿಂತದ್ದಾಯಿತು, ಇನ್ನು ಚಲಿಸಬೇಕಷ್ಟೆ. ಗುಂಡ್ಯದಿಂದ ಶಿರಾಡಿ ಘಾಟಿಯನ್ನೇರುವ ರಸ್ತೆಯನ್ನು ಮನಸ್ಸಿಗೆ ತಂದುಕೊಳ್ಳಿರಿ. ೨೦ ಮೀಟರು ತ್ರಿಜ್ಯದ ತಿರುವೊಂದನ್ನು ಗಂಟೆಗೆ ೩೦ ಕಿಲೋಮೀಟರು ವೇಗದಲ್ಲಿ ದಾಟಬೇಕಾದರೆ ೧೬ ಟನ್ನಿನ ವಾಹನಕ್ಕೆ ತಿರುವಿನ ಒಳಮಗ್ಗುಲಿಗೆ ಸುಮಾರು ೫.೭ ಟನ್ ತೂಕದಷ್ಟು ಬಲ ಬೇಕು. ಬಸ್ಸಿಗೆ ಅದನ್ನು ಕೊಡುವುದು ಟಯರಿಗೂ ರಸ್ತೆಗೂ ನಡುವಣ ಘರ್ಷಣೆ. ತೇಲುವ ವಾಹನಕ್ಕೆ ಕೊಡುವವರಾರು? ೧೫ ಮೀಟರಿಗೆ ಒಂದು ಮೀಟರು ಏರುವ ದಾರಿಯಲ್ಲಿ ಸುಮ್ಮನೆ ನಿಂತರೂ ಅದನ್ನು ಹಿಂದಕ್ಕೆಳೆಯುವ ಬಲ ಒಂದು ಟನ್ನಿಗೆ ಮೀರುತ್ತದೆ; ಹ್ಯಾಂಡ್ ಬ್ರೇಕು ಹಾಕುವೆವೆಂದರೆ ಹಿಡಿಯುವುದಕ್ಕೆ ನೆಲವೇ ಇಲ್ಲ. ಗಂಟೆಗೆ ೬೦ ಕಿಲೋಮೀಟರು ವೇಗದಲ್ಲಿರುವ ಬಸ್ಸು ನೆನೆದ ರಸ್ತೆಯಲ್ಲಿಯೂ ೩೫ ಮೀಟರಿನೊಳಗೆ ನಿಂತೀತು. ಷ್ಯಾಡೋ ಅಷ್ಟರಲ್ಲಿ ನಿಲ್ಲಬೇಕಾದರೆ ೬ ಟನ್ನಿಗೂ ಹೆಚ್ಚಿನ ಬಲದಿಂದ ಏನನ್ನಾದರೂ ಮುಂದಕ್ಕೆ ಉಗುಳಬೇಕು. ಎದುರಿಗೆ ಬರುವವರ ಪಾಡೇನಾಗಬೇಕು? ನಿಜವಾದ ಹೋವರ್‌ಕ್ರಾಫ್ಟುಗಳನ್ನು ನಡೆಸುವವರು ಈ ಕಷ್ಟವನ್ನು ಚೆನ್ನಾಗಿ ಬಲ್ಲರು. ಪಕ್ಕದ ಗಾಳಿಗೆ ಅವು ಓರೆಯಾಗಿ ಜಾರುತ್ತವೆ, ತಿರುವಿನಲ್ಲಿ ಹೊರಕ್ಕೆ ಸರಿಯುತ್ತವೆ, ಕಡಿದಾದ ಏರನ್ನು ಕಂಡರೆ ಹಿಂದೆಗೆಯುತ್ತವೆ. ಅವುಗಳ ರಾಜ್ಯವೆಂದರೆ ನೀರು, ಕೆಸರು, ಮರಳು, ಹಿಮ. ಎಂದರೆ, ಚಕ್ರವು ಎಲ್ಲಿ ಸೋಲುವುದೋ ಅಲ್ಲಿ ಅವು ಗೆಲ್ಲುತ್ತವೆ. ಚಕ್ರವು ಎಲ್ಲಿ ಗೆಲ್ಲುವುದೋ ಅಲ್ಲಿ ಸೋಲುತ್ತವೆ. ತೋಟದ ದಾರಿಯಲ್ಲಿ ಯಾವ ಘರ್ಷಣೆಯನ್ನು ಶಪಿಸಿದೆವೋ ಘಾಟಿಯಲ್ಲಿ ನಮ್ಮ ಪ್ರಾಣವನ್ನು ಕಾಯುವುದೂ ಅದೇ.

ಇಷ್ಟು ಹೇಳಿದ ಮೇಲೆಯೂ ಆಟದ ಅಭಿಮಾನಿ ಬಿಡುವುದಿಲ್ಲ. ನಮ್ಮ ತರಗತಿಗಳಲ್ಲಿಯೂ ಬಿಟ್ಟಿಲ್ಲ. ಷ್ಯಾಡೋ ಗಾಳಿಯನ್ನೂ ಒತ್ತುವುದಿಲ್ಲ, ಅಯಸ್ಕಾಂತವನ್ನೂ ಒತ್ತುವುದಿಲ್ಲ, ಗುರುತ್ವಾಕರ್ಷಣೆಯನ್ನೇ ಇಲ್ಲವಾಗಿಸುತ್ತದೆ ಎನ್ನುತ್ತಾನೆ. ಆಗಲಿ, ಅದನ್ನೂ ಒಪ್ಪಿ ನೋಡೋಣ. ತೂಕ ಪೂರ್ತಿಯಾಗಿ ಇಲ್ಲವಾದ ವಾಹನವು ನೆಲದಿಂದ ಅರ್ಧ ಮೀಟರು ಮೇಲೆ ನಿಲ್ಲುವುದೆ? ಖಂಡಿತವಾಗಿಯೂ ಇಲ್ಲ. ಭೂಮಿ ತಿರುಗುತ್ತಿದೆ; ನಮ್ಮನ್ನು ಅದರೊಡನೆ ಸುತ್ತಿಸುತ್ತಿರುವುದು ಗುರುತ್ವಾಕರ್ಷಣೆ. ಅದು ಇಲ್ಲವಾದರೆ ವಾಹನವು ನೇರವಾದ ಗೆರೆಯಲ್ಲಿ ಸಾಗತೊಡಗುತ್ತದೆ, ನೆಲ ಅದರ ಕೆಳಗಿನಿಂದ ಬಾಗಿ ದೂರವಾಗುತ್ತದೆ. ಮೊಂಬಾಸಾ ಇರುವುದು ಭೂಮಧ್ಯರೇಖೆಯಿಂದ ೪ ಡಿಗ್ರಿ ದಕ್ಷಿಣದಲ್ಲಿ. ಅಲ್ಲಿ ಈ ಕಾರಣದಿಂದ ಒದಗುವ ಮೇಲ್ಮುಖ ವೇಗೋತ್ಕರ್ಷ ಪ್ರತಿ ಸೆಕೆಂಡಿಗೆ ಸೆಕೆಂಡಿಗೆ ೩.೪ ಸೆಂಟಿಮೀಟರು. ಇದರ ಜೊತೆಗೆ ಆರ್ಕಿಮಿಡೀಸನ ತತ್ತ್ವದಂತೆ ಸುತ್ತಣ ಗಾಳಿಯೂ ಮೇಲಕ್ಕೆ ನೂಕುತ್ತದೆ. ನಮ್ಮ ೬೪ ಘನ ಮೀಟರಿನ ಪೆಟ್ಟಿಗೆಗೆ ಅದರಿಂದ ಇನ್ನೂ ೪.೭ ಸೆಂಟಿಮೀಟರು. ಸುರಂಗದ ಚಾವಣಿ ೬ ಮೀಟರು ಮೇಲಿದೆಯೆಂದಿಟ್ಟುಕೊಂಡರೆ, ಗುಂಡಿ ಒತ್ತಿದ ಹನ್ನೆರಡು ಸೆಕೆಂಡಿನೊಳಗಾಗಿ ಷ್ಯಾಡೋ ತನ್ನ ಸೈನಿಕರ ಸಮೇತ ಬಾವಲಿಯಂತೆ ಚಾವಣಿಗೆ ಅಂಟಿಕೊಂಡಿರುತ್ತದೆ! ತೂಕ ಹೋದರೂ ದ್ರವ್ಯರಾಶಿ ಹೋಗದು, ತಿರುವಿನ ೫.೭ ಟನ್ ಬಲದ ಸಾಲವೂ ತೀರದು.

ಇದಕ್ಕಿಂತ ಗಂಭೀರವಾದ ಆಕ್ಷೇಪ ಇನ್ನೊಂದಿದೆ. ೧೯೦೧ರಲ್ಲಿ ಎಚ್. ಜಿ. ವೆಲ್ಸ್ ತನ್ನ ಚಂದ್ರಯಾನದ ಕಾದಂಬರಿಯಲ್ಲಿ ಗುರುತ್ವಾಕರ್ಷಣೆಯನ್ನು ತಡೆಯುವ 'ಕೇವರೈಟ್' ಎಂಬ ವಸ್ತುವನ್ನು ಕಲ್ಪಿಸಿದನು. ಫಿರಂಗಿಯ ಮೂಲಕ ತನ್ನ ಪಾತ್ರಗಳನ್ನು ಚಂದ್ರನತ್ತ ಹಾರಿಸಿದ್ದ ಜೂಲ್ಸ್ ವರ್ನನಿಗೆ ಇದು ಹಿಡಿಸಲಿಲ್ಲ. ಆ ಲೋಹವನ್ನು ತೋರಿಸಲಿ ನೋಡೋಣ ಎಂಬುದು ಅವನ ಧಾಟಿ. ಆದರೆ ಲೋಹವನ್ನು ತೋರಿಸುವ ಅಗತ್ಯವೂ ಇಲ್ಲ. ಅಂತಹ ತಡೆಹಲಗೆಯೊಂದು ನಮ್ಮ ಅಂಗಳದಲ್ಲಿದೆಯೆಂದು ಭಾವಿಸಿರಿ. ಹಲಗೆಯ ಮೇಲ್ಗಡೆ ತೆಂಗಿನಕಾಯಿಗೆ ತೂಕವಿಲ್ಲ. ಶ್ರಮವಿಲ್ಲದೆ ೨೦ ಮೀಟರು ಎತ್ತರಕ್ಕೆ ಏರಿಸಬಹುದು. ಅಲ್ಲಿಂದ ಪಕ್ಕಕ್ಕೆ ಸರಿಸಿ, ಹಲಗೆಯಿಲ್ಲದ ಕಡೆಯಿಂದ ಬೀಳಿಸಿರಿ. ಒಂದು ಕಿಲೋಗ್ರಾಮಿನ ಕಾಯಿ ಬೀಳುವಾಗ ಸುಮಾರು ೨೦೦ ಜೌಲು ಶಕ್ತಿ ಕೊಡುತ್ತದೆ. ಸೆಕೆಂಡಿಗೊಂದರಂತೆ ಬೀಳಿಸಿ ಡೈನಮೋ ತಿರುಗಿಸಿದರೆ ಮನೆಯ ಮೂರು ಫ್ಯಾನುಗಳು ಎಂದೆಂದಿಗೂ ತಿರುಗುತ್ತವೆ. ಕಾಯಿಗೆ ಬದಲಾಗಿ ಬಂಡೆಗಳನ್ನು ಬೀಳಿಸಿದರೆ ಇಡೀ ಕಡಬ ತಾಲೂಕಿಗೆ ವಿದ್ಯುತ್ತು, ಮೀಟರು ಓಡದೆ. ಏನನ್ನೂ ವ್ಯಯಿಸದೆ ಶಕ್ತಿ ಹುಟ್ಟುವುದೆಂದು ಒಪ್ಪಿದ ಹೊರತು ಈ ಹಲಗೆಯನ್ನು ಒಪ್ಪುವಂತಿಲ್ಲ. ಪ್ರತಿಗುರುತ್ವವು 'ಇನ್ನೂ ಕಂಡುಹಿಡಿಯದ' ವಸ್ತುಗಳ ಸಾಲಿನಲ್ಲಿ ಕಾದು ಕುಳಿತಿರುವುದಲ್ಲವೆಂದೂ, ವಿಮಾನದ ಹೋಲಿಕೆ ಇದಕ್ಕೆ ಹೊಂದುವುದಿಲ್ಲವೆಂದೂ ನಾವು ಹೇಳುವುದು ಈ ಕಾರಣದಿಂದ. ವಿಮಾನ ಹಾರಿದಾಗ ಯಾವ ನಿಯಮವೂ ಮುರಿಯಲಿಲ್ಲ. ಪ್ರತಿದ್ರವ್ಯವಾದರೂ ಮೇಲಕ್ಕೆ ಬಿದ್ದೀತೆಂಬ ಸಣ್ಣ ಆಸೆ ಕೆಲವರಿಗಿತ್ತು. ಜಿನೀವಾದ ಸರ್ನ್ ಪ್ರಯೋಗಾಲಯದಲ್ಲಿ ಪ್ರತಿಹೈಡ್ರೋಜನ್ ಪರಮಾಣುಗಳನ್ನು ಹಿಡಿದಿಟ್ಟು, ಬಿಟ್ಟು ನೋಡಿದರು. ಅವೂ ಕೆಳಕ್ಕೇ ಬಿದ್ದವೆಂದು ೨೦೨೩ರಲ್ಲಿ ಪ್ರಕಟವಾಯಿತು.

ಒಂದು ಆಟಕ್ಕೆ ಇಷ್ಟೆಲ್ಲ ಏಕೆ ಎಂದು ವಾಚಕರು ಕೇಳಬಹುದು. ಆಟದ ಮೇಲೆ ನಮಗೆ ಯಾವ ದೂರೂ ಇಲ್ಲ. ಅದು ತಾನು ಕಥೆಯೆಂದೇ ಹೇಳಿಕೊಳ್ಳುತ್ತದೆ. ದೂರು ಇರುವುದು ಅದೇ ತೇಲುವ ರಥವನ್ನು ಕಥೆಯೆಂದು ಹೇಳದೆ ನಮ್ಮ ಮುಂದಿಡುವವರ ಮೇಲೆ. ಇದಕ್ಕೆ ದೂರದ ಉದಾಹರಣೆ ಬೇಡ. ನಮ್ಮ ರಾಜ್ಯದ್ದೇ ಇದೆ. ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು ೧೯೧೮ರಿಂದ ೧೯೨೩ರವರೆಗೆ ಹೇಳಿ ಬರೆಯಿಸಿದ 'ವೈಮಾನಿಕ ಶಾಸ್ತ್ರ'ವೆಂಬ ಸಂಸ್ಕೃತ ಗ್ರಂಥವು ೧೯೭೩ರಲ್ಲಿ ಮೈಸೂರಿನಿಂದ ಇಂಗ್ಲಿಷ್ ಅನುವಾದದೊಡನೆ ಪ್ರಕಟವಾಯಿತು. ಭರದ್ವಾಜ ಮಹರ್ಷಿಗಳ ಕಾಲದ್ದೆಂದು ಹೇಳಲಾದ ಆ ಗ್ರಂಥದಲ್ಲಿ ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ನಾಲ್ಕು ವಿಮಾನಗಳ ವಿವರಗಳಿವೆ. ಇವುಗಳಲ್ಲಿ ತ್ರಿಪುರವು ನೆಲ, ನೀರು, ಆಕಾಶ ಮೂರರಲ್ಲಿಯೂ ಸಂಚರಿಸತಕ್ಕದ್ದು. ನಮ್ಮ ಷ್ಯಾಡೋವಿನ ಹಿರಿಯ ಬಂಧು ಎನ್ನಬಹುದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು, ಎಚ್. ಎಸ್. ಮುಕುಂದ, ಎಸ್. ಎಂ. ದೇಶಪಾಂಡೆ, ಎಚ್. ಆರ್. ನಾಗೇಂದ್ರ, ಎ. ಪ್ರಭು ಮತ್ತು ಎಸ್. ಪಿ. ಗೋವಿಂದರಾಜು, ೧೯೭೪ರಲ್ಲಿ ಇದರ ವಿಮರ್ಶೆಯನ್ನು ಪ್ರಕಟಿಸಿದರು. ಅವರು ನಗಲಿಲ್ಲ, ಕೈಮುಗಿಯಲೂ ಇಲ್ಲ. ಗ್ರಂಥದ ಭಾಷೆಯನ್ನೂ ಹಸ್ತಪ್ರತಿಯ ಇತಿಹಾಸವನ್ನೂ ಪರಿಶೀಲಿಸಿ ಅದು ೧೯೦೪ಕ್ಕಿಂತ ಹಿಂದಿನದಾಗಿರಲಾರದೆಂದು ತೀರ್ಮಾನಿಸಿದರು. ಬಳಿಕ ಅದರಲ್ಲಿ ಕೊಟ್ಟ ಅಳತೆ ಆಕಾರಗಳನ್ನು ಹಾಗೆಯೇ ತೆಗೆದುಕೊಂಡು, ಇಂತಹ ವಾಹನ ಹಾರುವುದೆ ಎಂದು ಪರೀಕ್ಷಿಸಿದರು. ನಾಲ್ಕರಲ್ಲಿ ಒಂದಕ್ಕೂ ಹಾರುವ ಯೋಗ್ಯತೆಯಿಲ್ಲವೆಂದು ಕಂಡುಬಂದಿತು. ಶಾಸ್ತ್ರಿಗಳ ಪಾಂಡಿತ್ಯದ ವಿಚಾರ ಬೇರೆ. ಅದು ನಮ್ಮ ಕ್ಷೇತ್ರವಲ್ಲ. ವಿಚಾರ ಮಾಡಬೇಕಾದದ್ದು ಇದು: ಆ ವಿಮರ್ಶೆ ಹೊರಬಂದು ನಾಲ್ವತ್ತು ವರ್ಷಗಳಾದ ಮೇಲೆ, ೨೦೧೫ರ ಜನವರಿಯಲ್ಲಿ, ಮುಂಬಯಿಯಲ್ಲಿ ಸೇರಿದ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನಲ್ಲಿಯೇ ಈ ವಿಮಾನಗಳು ಮತ್ತೆ ನಿಜವೆಂಬಂತೆ ಮಂಡಿತವಾದವು. ಕೇಳಿ ಬಂದ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿಗೆ ಬೆಂಗಳೂರಿನ ಆ ಲೆಕ್ಕಾಚಾರದ ಸುದ್ದಿ ತಿಳಿದಿತ್ತು?

ತಿಳಿಯುವಂತೆ ನಾವು ಮಾಡಿಲ್ಲ. ಪದವಿಪೂರ್ವ ತರಗತಿಯಲ್ಲಿ ಇಳಿಜಾರಿನ ಮೇಲೆ ಮರದ ತುಂಡನ್ನು ಎಷ್ಟು ಸಲ ಜಾರಿಸಿದ್ದೇವೆಂಬುದಕ್ಕೆ ಲೆಕ್ಕವಿಲ್ಲ. ತುಂಡಿನ ತೂಕ ಕೊಟ್ಟಿರುತ್ತದೆ, ಇಳಿಜಾರಿನ ಕೋನ ಕೊಟ್ಟಿರುತ್ತದೆ, ಸೂತ್ರ ಪುಸ್ತಕದಲ್ಲಿರುತ್ತದೆ. ಹುಡುಗ ಸಂಖ್ಯೆಗಳನ್ನು ತುಂಬಿ ಪೂರ್ಣಾಂಕ ಪಡೆಯುತ್ತಾನೆ. ಅದೇ ಹುಡುಗನಿಗೆ, ನೀನು ರಾತ್ರಿಯೆಲ್ಲ ಆಡಿದ ಆಟದ ವಾಹನವನ್ನು ಹೊರುವವರಾರು ಎಂದು ಕೇಳಿದರೆ ಉತ್ತರವಿಲ್ಲ. ತೂಕವನ್ನು ಯಾರೂ ಕೊಟ್ಟಿಲ್ಲವಲ್ಲ! ಊಹಿಸಬೇಕು, ಊಹೆಗೆ ಕಾರಣ ಹೇಳಬೇಕು, ಬಂದ ಉತ್ತರ ನಂಬತಕ್ಕದ್ದೇ ಎಂದು ನೋಡಬೇಕು. ಇದನ್ನು ಪರೀಕ್ಷೆಯಲ್ಲಿ ಕೇಳಿದರೆ ಮೌಲ್ಯಮಾಪನ ಕಷ್ಟವೆಂದು ಹೇಳುವವರಿದ್ದಾರೆ. ಕಷ್ಟವೆಂಬುದು ನಿಜ, ಬೇಡವೆಂಬುದಕ್ಕೆ ಅದು ಕಾರಣವಾಗಲಾರದು. ವರ್ಷಕ್ಕೊಂದು ಪ್ರಶ್ನೆಯಾದರೂ ಇಂತಹುದಿರಲಿ ಎಂಬುದು ನಮ್ಮ ಬೇಡಿಕೆ. ಅಲ್ಲಿಯವರೆಗೆ ಅಂಕವಿಲ್ಲದ ಪ್ರಶ್ನೆಯೊಂದನ್ನು ಇಲ್ಲಿಯೇ ಕೊಡುತ್ತೇವೆ.

ಉಪ್ಪಿನಂಗಡಿಯಿಂದ ಸುಬ್ರಹ್ಮಣ್ಯಕ್ಕೆ ಹೋಗುವ ದಾರಿಯಲ್ಲಿ, ಕಡಬದ ಬಳಿಯ ಹೊಸಮಠದಲ್ಲಿ ಹಿಂದೆ ಮುಳುಗುಸೇತುವೆಯೊಂದಿತ್ತು. ಹೊಳೆ ಉಕ್ಕಿದಾಗಲೆಲ್ಲ ಅದರ ಮೇಲೆ ನೀರು ಹರಿದು ಸಂಚಾರ ನಿಲ್ಲುತ್ತಿತ್ತು. ಈಗ ಎತ್ತರದ ಹೊಸ ಸೇತುವೆ ಬಂದಿದೆ. ಹಳೆಯ ಸೇತುವೆಯನ್ನು ನೆನೆದುಕೊಳ್ಳಿರಿ. ಅದು ೧೦ ಟನ್ ಮಾತ್ರ ತಡೆಯಬಲ್ಲುದೆಂದು ಊಹಿಸೋಣ. ನಮ್ಮ ೧೬ ಟನ್ನಿನ, ಚದರ ಮೀಟರಿಗೆ ೫೦೦ ಕಿಲೋಗ್ರಾಂ ಒತ್ತುವ ಗಾಳಿಮೆತ್ತೆಯ ವಾಹನ ಬೇಸಗೆಯಲ್ಲಿ, ಸೇತುವೆ ಒಣಗಿರುವಾಗ, ಅದರ ಮೇಲೆ ಬಂದು ನಿಂತರೆ ಸೇತುವೆ ಮುರಿಯುತ್ತದೆ. ಕಾರಣವನ್ನು ಮೇಲೆ ಹೇಳಿದೆ. ಮಳೆಗಾಲದಲ್ಲಿ ಸೇತುವೆಯ ಮೇಲೆ ಒಂದು ಮೀಟರು ನೀರು ನಿಂತಿರುವಾಗ ಅದೇ ವಾಹನ ಅದೇ ಜಾಗದ ಮೇಲೆ ಬಂದು ತೇಲಿದರೆ ಸೇತುವೆ ಉಳಿಯುವುದೆ? ನೀರು ಕಾಲು ಮೀಟರು ಮಾತ್ರ ಇದ್ದರೆ? ನೀರಿನ ಹರಿವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗಿಲ್ಲ. ವಾಹನದ ಕೆಳಗೆ ನೀರಿನ ಮೇಲ್ಮೈ ಎಷ್ಟು ತಗ್ಗುವುದೆಂಬುದನ್ನು ಮೊದಲು ಕಂಡುಕೊಳ್ಳಿರಿ.